ಚೆನ್ನೈ–ಮಂಗಳೂರು ವಿಮಾನಮಾರ್ಗ: ಅಂತರದ ಲೆಕ್ಕ, ಕಾಲದ ಲೆಕ್ಕ

ಚೆನ್ನೈ ನಗರದ ದಕ್ಷಿಣ ಭಾಗದಲ್ಲಿರುವ ವೇಲಚೇರಿಯು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹದಿಮೂರು ಡಿಗ್ರಿಗೆ ಕೂದಲೆಳೆಯಷ್ಟು ಕಡಮೆಯಾದ ಅಕ್ಷಾಂಶದಲ್ಲಿದೆ. ಅಲ್ಲಿಂದ ನೇರವಾಗಿ ಪಶ್ಚಿಮಕ್ಕೆ ಒಂದು ಗೆರೆಯನ್ನು ಎಳೆದರೆ ಅದು ಮೊದಲು ಐದಾರು ಕಿಲೋಮೀಟರು ದೂರದ ಮೀನಂಬಾಕ್ಕಂ ವಿಮಾನ ನಿಲ್ದಾಣವನ್ನು ಹಾಯುತ್ತದೆ. ಅನಂತರ ವೆಲ್ಲೂರು, ಕೋಲಾರದ ಚಿನ್ನದ ಗಣಿಗಳು, ಬೆಂಗಳೂರು ನಗರ, ಹಾಸನ, ಸಕಲೇಶಪುರ ಎಂಬೀ ಸ್ಥಳಗಳಿಂದ ಹತ್ತು ಕಿಲೋಮೀಟರಿಗಿಂತ ಹೆಚ್ಚು ಸರಿಯದೆ ಸಾಗಿ, ಘಟ್ಟವಿಳಿದು, ಮಂಗಳೂರಿನ ಬಜಪೆಯ ವಿಮಾನ ನಿಲ್ದಾಣದ ಬಳಿಯಲ್ಲಿ ಪಶ್ಚಿಮ ಸಮುದ್ರವನ್ನು ಸಮೀಪಿಸುತ್ತದೆ. ಪರ್ಯಾಯ ದ್ವೀಪದ ಎರಡು ಕರಾವಳಿಗಳಲ್ಲಿರುವ ಎರಡು ನಿಲ್ದಾಣಗಳು ಹೀಗೆ ಒಂದೇ ಅಕ್ಷಾಂಶದ ಮೇಲೆ ಬಂದು ನಿಂತಿರುವುದು ಆಕಸ್ಮಿಕವೇ ಸರಿ. ಆದರೆ ಅಂತರವೆಂದರೇನು, ಪ್ರಯಾಣದ ಕಾಲವೆಂದರೇನು ಎಂಬುದನ್ನು ವಿವೇಚಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಉದಾಹರಣೆ ದಕ್ಷಿಣ ಭಾರತದಲ್ಲಿ ದೊರೆಯಲಾರದು.

ಈ ವಿವೇಚನೆ ಕೇವಲ ಕುತೂಹಲದ ಮಾತಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಂದ ಬಂದು ಚೆನ್ನೈಯಲ್ಲಿ ನೆಲೆಸಿದ ಸಂಸಾರಗಳಲ್ಲಿ ಎಷ್ಟೋ ಮನೆಗಳ ವೃದ್ಧ ತಂದೆತಾಯಿಗಳು ಊರಿನಲ್ಲೇ ಉಳಿದಿದ್ದಾರೆ. ನಡುರಾತ್ರಿಯಲ್ಲಿ ಊರಿನಿಂದ ದೂರವಾಣಿಯ ಕರೆ ಬಂದಾಗ, ಸೆಕೆಯ ಆ ಕರಾವಳಿಯಲ್ಲಿ ಸಂಸ್ಕಾರವನ್ನು ಎಷ್ಟು ಹೊತ್ತು ತಡೆಯಬಹುದು, ಮಗನೋ ಮಗಳೋ ಅಷ್ಟರೊಳಗೆ ಮುಟ್ಟಬಲ್ಲರೇ ಎಂಬ ಪ್ರಶ್ನೆಗೆ ಉತ್ತರವನ್ನು ಗಂಟೆ ನಿಮಿಷಗಳಲ್ಲಿಯೇ ಹೇಳಬೇಕಾಗುತ್ತದೆ. ‘ವಿಮಾನದಲ್ಲಿ ಒಂದು ಗಂಟೆಯ ದಾರಿ’ ಎಂಬ ವಾಡಿಕೆಯ ಮಾತು ಆ ಹೊತ್ತಿಗೆ ಉಪಯೋಗಕ್ಕೆ ಬಾರದು.

ಈ ಎರಡು ಊರುಗಳ ಸಂಬಂಧ ವಿಮಾನಕ್ಕಿಂತ ಬಹಳ ಹಿಂದಿನದು. ೧೯೫೬ರ ನವೆಂಬರ್ ೧ರವರೆಗೆ ಮಂಗಳೂರು ಮದರಾಸು ರಾಜ್ಯದ ಒಂದು ಜಿಲ್ಲಾ ಕೇಂದ್ರವಾಗಿತ್ತು. ಉಚ್ಚ ನ್ಯಾಯಾಲಯ, ವಿಶ್ವವಿದ್ಯಾಲಯ, ಸರಕಾರದ ಕಚೇರಿ ಎಲ್ಲವೂ ಅಲ್ಲಿಯವರಿಗೆ ಮದರಾಸಿನಲ್ಲಿಯೇ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ತರಗತಿಗೆ ಓದಲು ಮದರಾಸಿಗೆ ಬಂದ ಕಾಲದಲ್ಲಿ ರೈಲು ಇನ್ನೂ ಮಂಗಳೂರನ್ನು ತಲಪಿರಲಿಲ್ಲ. ಅದು ತಲಪಿದ್ದು ೧೯೦೭ರಲ್ಲಿ. ಆಮೇಲೆ ಉಡುಪಿಯ ಹೋಟೆಲು ಉದ್ಯಮಿಗಳು ಬಂದರು. ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಮೊದಲಾದ ಸಂಸ್ಥೆಗಳು ಬೆಳೆದಂತೆ ಅವುಗಳ ನೌಕರರು ಬಂದರು. ಈಚೆಗೆ ಗಣಕಯಂತ್ರದ ಉದ್ಯೋಗಗಳಿಗಾಗಿ ಬಂದ ಯುವಕರಲ್ಲಿ ಹಲವರು ವೇಲಚೇರಿಯ ಸುತ್ತಲೇ ಮನೆ ಮಾಡಿದ್ದಾರೆ.

ಮೊದಲು ಅಂತರದ ಲೆಕ್ಕ. ಮೀನಂಬಾಕ್ಕಂ ನಿಲ್ದಾಣದ ರೇಖಾಂಶ ಪೂರ್ವಕ್ಕೆ ೮೦ ಡಿಗ್ರಿ ೧೦ ಕಲೆ. ಬಜಪೆಯದು ೭೪ ಡಿಗ್ರಿ ೫೩ ಕಲೆ. ಡಿಗ್ರಿಯ ಅರುವತ್ತನೆಯ ಒಂದು ಪಾಲು ಕಲೆ. ಇವೆರಡರ ವ್ಯತ್ಯಾಸ ೫ ಡಿಗ್ರಿ ೧೭ ಕಲೆ, ಎಂದರೆ ೩೧೭ ಕಲೆ. ಸಮಭಾಜಕ ವೃತ್ತದ ಮೇಲೆ ಒಂದು ಕಲೆಗೆ ೧.೮೫೫ ಕಿಲೋಮೀಟರು, ಉತ್ತರಕ್ಕೆ ಸರಿದಂತೆ ರೇಖಾಂಶದ ಗೆರೆಗಳು ಒಂದಕ್ಕೊಂದು ಸಮೀಪಿಸುವುದರಿಂದ ಹದಿಮೂರನೆಯ ಅಕ್ಷಾಂಶದಲ್ಲಿ ಅದು ೧.೮೦೮ ಕಿಲೋಮೀಟರಿಗೆ ಇಳಿಯುತ್ತದೆ. ಗುಣಿಸಿದರೆ ದೊರೆಯುವುದು ೫೭೩ ಕಿಲೋಮೀಟರು. ಮೈಲಿಯಲ್ಲಿ ೩೫೬, ವಿಮಾನಿಕರು ಬಳಸುವ ನಾವಿಕ ಮೈಲಿಯಲ್ಲಿ ಸುಮಾರು ೩೧೦. ಭೂಮಿಯು ಗೋಲಾಕಾರವಾದುದರಿಂದ ಎರಡು ಸ್ಥಳಗಳ ನಡುವಣ ಅತ್ಯಂತ ಹತ್ತಿರದ ದಾರಿ ಅಕ್ಷಾಂಶದ ಗೆರೆಯಲ್ಲ, ಮಹಾವೃತ್ತದ ಕಂಸ ಎಂದು ಭೂಗೋಳಜ್ಞರು ಹೇಳುವುದುಂಟು. ಅದು ನಿಜ. ಆದರೆ ಈ ಎರಡು ನಿಲ್ದಾಣಗಳ ನಡುವೆ ಆ ಕಂಸವು ನಡುದಾರಿಯಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಉತ್ತರಕ್ಕೆ ಬಾಗುತ್ತದೆ. ಅದರಿಂದ ಆಗುವ ಉಳಿತಾಯ ಸುಮಾರು ಹತ್ತು ಮೀಟರು, ಒಂದು ಸಾಧಾರಣ ಮನೆಯ ಉದ್ದ. ಅಮೆರಿಕಕ್ಕೆ ಹೋಗುವ ವಿಮಾನಗಳು ಧ್ರುವಪ್ರದೇಶದ ಕಡೆಗೆ ಬಾಗಿ ಹೋಗುವುದಕ್ಕೆ ಕಾರಣವಾದ ಅದೇ ನಿಯಮ ಇಲ್ಲಿ ಗಣನೆಗೇ ಬಾರದಷ್ಟು ಕ್ಷುಲ್ಲಕವಾಗುತ್ತದೆ.

ಈ ಅಂತರವನ್ನು ಮೊತ್ತಮೊದಲು ಶಾಸ್ತ್ರೀಯವಾಗಿ ಅಳೆಯಲು ತೊಡಗಿದ ನೆಲ ಇಂದಿನ ವಿಮಾನ ನಿಲ್ದಾಣದ ಮಗ್ಗುಲಿನದೇ ಎಂಬುದು ಗಮನಾರ್ಹ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ, ಆ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಪರ್ಯಾಯ ದ್ವೀಪವನ್ನು ಕಡಲಿನಿಂದ ಕಡಲಿಗೆ ತ್ರಿಕೋನಗಳ ಸರಪಣಿಯಿಂದ ಅಳೆಯುವ ಸಲಹೆಯನ್ನು ಮುಂದಿಟ್ಟನು. ತ್ರಿಕೋನದ ಒಂದು ಭುಜವನ್ನೂ ಅದರ ಎರಡು ತುದಿಗಳ ಕೋನಗಳನ್ನೂ ಅರಿತರೆ ಉಳಿದೆರಡು ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದಷ್ಟೆ. ಆ ಮೊದಲ ಭುಜವನ್ನು ಮಾತ್ರ ನೆಲದ ಮೇಲೆ ಸರಪಣಿ ಹಿಡಿದು ಅಳೆಯಲೇಬೇಕು. ೧೮೦೨ರ ಬೇಸಗೆಯಲ್ಲಿ ಲ್ಯಾಂಬ್ಟನ್ ಆ ಆಧಾರರೇಖೆಯನ್ನು ತಮಿಳರು ಪರಂಗಿಮಲೈ ಎನ್ನುವ ಸೇಂಟ್ ಥಾಮಸ್ ಮೌಂಟಿನ ಬಯಲಿನಿಂದ ದಕ್ಷಿಣದ ಪೆರುಂಬಾಕ್ಕಂ ಗುಡ್ಡದ ಕಡೆಗೆ ಏಳೂವರೆ ಮೈಲಿಯಷ್ಟು ಉದ್ದಕ್ಕೆ ಅಳೆದನು. ಇಂದಿನ ವೇಲಚೇರಿಯ ಪಕ್ಕದಲ್ಲಿಯೇ ಹಾದ ರೇಖೆ ಅದು. ನೂರು ಅಡಿಯ ಉಕ್ಕಿನ ಸರಪಣಿ ಬಿಸಿಲಿಗೆ ಹಿಗ್ಗುವುದರಿಂದ ಶಾಖಮಾಪಕಗಳನ್ನು ಇಟ್ಟು ಪ್ರತಿ ಅಳತೆಯನ್ನೂ ತಿದ್ದಬೇಕಾಯಿತು.

ಅಲ್ಲಿಂದ ತ್ರಿಕೋನಗಳು ಗುಡ್ಡದಿಂದ ಗುಡ್ಡಕ್ಕೆ ಪಶ್ಚಿಮಾಭಿಮುಖವಾಗಿ ಸಾಗಿದುವು. ೧೮೦೪ರಲ್ಲಿ ಬೆಂಗಳೂರಿನ ಬಳಿ ಎರಡನೆಯ ಆಧಾರರೇಖೆಯನ್ನು ಅಳೆದು ಹಿಂದಿನ ಲೆಕ್ಕವನ್ನು ಪರೀಕ್ಷಿಸಿದಾಗ, ಮದರಾಸಿನಿಂದ ಇಷ್ಟು ದೂರ ಬಂದಿದ್ದರೂ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲಗಳು. ಈ ಕಾರ್ಯದಲ್ಲಿ ಲ್ಯಾಂಬ್ಟನ್ನನಿಗೆ ನೆರವಾದ ಜಾನ್ ವಾರೆನ್ ಎಂಬವನೇ ೧೮೦೨ರಲ್ಲಿ ಕೋಲಾರದ ಮಣ್ಣಿನಲ್ಲಿ ಚಿನ್ನವಿರುವ ಸಂಗತಿಯನ್ನು ವರದಿ ಮಾಡಿದವನು. ಆ ಗಣಿಗಳ ಬೂದು ದಿಬ್ಬಗಳು ಇಂದು ಇದೇ ವಿಮಾನಮಾರ್ಗದ ಕೆಳಗೇ ಬರುತ್ತವೆ. ಸರಪಣಿ ಮಂಗಳೂರಿನ ತೀರವನ್ನು ಮುಟ್ಟಿದಾಗ ಅಂದಿನ ನಕ್ಷೆಗಳಲ್ಲಿ ಸುಮಾರು ೪೦೦ ಮೈಲಿಯೆಂದು ಕಾಣಿಸಿದ್ದ ಪರ್ಯಾಯ ದ್ವೀಪದ ಅಗಲ ಸುಮಾರು ೩೬೦ ಮೈಲಿಗೆ ಇಳಿಯಿತು. ನಕ್ಷೆಯಲ್ಲಿದ್ದ ನಲವತ್ತು ಮೈಲಿ ನೆಲ ಇಲ್ಲವೇ ಇಲ್ಲವಾಯಿತು! ನಿಲ್ದಾಣದಿಂದ ನಿಲ್ದಾಣಕ್ಕೆ ಈಗ ದೊರೆಯುವ ೩೫೬ ಮೈಲಿಗೂ ಆ ಅಂಕಿಗೂ ತೋರುವ ಹೊಂದಿಕೆಯನ್ನು ಬಹಳ ಎಳೆಯಲಾಗದು. ಲ್ಯಾಂಬ್ಟನ್ನನ ಅಳತೆ ಕಡಲಿನಿಂದ ಕಡಲಿಗೆ, ಮೇಲಾಗಿ ಆ ಅಂಕಿ ದುಂಡು ಮಾಡಿದ್ದು. ಆದರೂ ವಿಮಾನ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಅದರ ದಾರಿಯನ್ನು ಅಳೆದಿಟ್ಟಂತಾಯಿತು.

ನೆಲದ ಮೇಲೆ ಹೋಗುವವರಿಗೆ ಈ ಅಂತರ ಎಂದೂ ದೊರೆತದ್ದಿಲ್ಲ. ಚೆನ್ನೈಯಿಂದ ಬೆಂಗಳೂರಿನ ಮೂಲಕ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು ೭೦೦ ಕಿಲೋಮೀಟರು. ರೈಲು ದಾರಿಯಾದರೋ ಘಟ್ಟವನ್ನು ಎದುರಿಸಲಾರದೆ ದಕ್ಷಿಣಕ್ಕೆ ಪಾಲಕ್ಕಾಡಿನ ಕಂಡಿಯವರೆಗೆ ಇಳಿದು, ಮತ್ತೆ ಕರಾವಳಿಯನ್ನು ಹಿಡಿದು ಕೋಳಿಕ್ಕೋಡು, ಕಣ್ಣೂರು, ಕಾಸರಗೋಡುಗಳ ಮೇಲೆ ಉತ್ತರಕ್ಕೆ ಏರುವುದರಿಂದ ೮೯೦ ಕಿಲೋಮೀಟರಿನಷ್ಟಾಗಿ ಸುಮಾರು ಹದಿನಾರು ಗಂಟೆ ಹಿಡಿಯುತ್ತದೆ. ಹಾಸನದಿಂದ ಸಕಲೇಶಪುರದ ಘಟ್ಟವನ್ನಿಳಿದು ಮಂಗಳೂರಿಗೆ ರೈಲು ಹಾಕಿದ್ದು ೧೯೭೯ರಲ್ಲಿ. ೧೯೯೬ರಲ್ಲಿ ಹಳಿಯ ಅಗಲವನ್ನು ಬದಲಿಸಲೆಂದು ಅದನ್ನು ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ತೆರೆದದ್ದು ೨೦೦೭ರಲ್ಲಿ.

ಇನ್ನು ಕಾಲದ ಲೆಕ್ಕ. ಇಲ್ಲಿ ಮೊದಲ ತೊಡಕು ‘ಹಾರಾಟದ ಕಾಲ’ ಎಂಬ ಶಬ್ದದ್ದೇ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯಾಖ್ಯೆಯಂತೆ ವಿಮಾನವು ಹಾರುವ ಉದ್ದೇಶದಿಂದ ತನ್ನ ನಿಲುಗಡೆಯಿಂದ ಮೊದಲು ಕದಲಿದ ಕ್ಷಣದಿಂದ ಹಿಡಿದು, ಗಮ್ಯದಲ್ಲಿ ಕೊನೆಯದಾಗಿ ನಿಂತ ಕ್ಷಣದವರೆಗಿನ ಒಟ್ಟು ಕಾಲವೇ ಹಾರಾಟದ ಕಾಲ. ನೆಲದ ಮೇಲೆ ಗಾಲಿಯಲ್ಲಿ ಉರುಳುವುದೂ, ಮುಂದಿನ ವಿಮಾನಗಳು ಏಳುವವರೆಗೆ ಸಾಲಿನಲ್ಲಿ ಕಾಯುವುದೂ ಅದರಲ್ಲಿ ಸೇರಿತು. ವೇಳಾಪಟ್ಟಿಯಲ್ಲಿ ಮುದ್ರಿಸುವುದೂ ಈ ಕಾಲವನ್ನೇ.

ಏರ್‌ಬಸ್ ೩೨೦ ಜಾತಿಯ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು ೮೩೦ ಕಿಲೋಮೀಟರು ವೇಗದಲ್ಲಿ ಸಾಗುತ್ತದೆ. ೫೭೩ನ್ನು ೮೩೦ರಿಂದ ಭಾಗಿಸಿದರೆ ೪೧ ನಿಮಿಷ. ಆದರೆ ವೇಳಾಪಟ್ಟಿ ಕೊಡುವುದು ಸಾಮಾನ್ಯವಾಗಿ ಒಂದು ಗಂಟೆ ಇಪ್ಪತ್ತು ನಿಮಿಷ. ಉಳಿದರ್ಧ ಎಲ್ಲಿ ಹೋಯಿತು? ವಿಮಾನ ತನ್ನ ಪೂರ್ಣ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷ ಹಿಡಿದು, ಅಷ್ಟರಲ್ಲಿ ೨೦೦ ಕಿಲೋಮೀಟರಿನಷ್ಟು ಸಾಗಿರುತ್ತದೆ. ಇಳಿಯುವಾಗ ಸಾವಿರ ಅಡಿಗೆ ಮೂರು ನಾವಿಕ ಮೈಲಿ ಎಂಬುದು ವಿಮಾನಿಕರ ಬಾಯಿಲೆಕ್ಕ. ೩೫ ಸಾವಿರ ಅಡಿಯಿಂದ ಇಳಿಯಲು ೧೦೫ ನಾವಿಕ ಮೈಲಿ, ಎಂದರೆ ಸುಮಾರು ೧೯೫ ಕಿಲೋಮೀಟರು ಬೇಕು. ಹೀಗೆ ಏರಿಕೆ ಇಳಿಕೆಗಳೇ ೩೯೫ ಕಿಲೋಮೀಟರನ್ನು ನುಂಗಿದಮೇಲೆ ಸಮತಟ್ಟಾಗಿ, ಪೂರ್ಣ ವೇಗದಲ್ಲಿ ಹಾರಲು ಉಳಿಯುವುದು ೧೮೦ ಕಿಲೋಮೀಟರಿಗೂ ಕಡಮೆ; ಅದು ಹದಿಮೂರು ನಿಮಿಷದ ಮಾತು. ಏರಲು ಇಪ್ಪತ್ತು, ಸಾಗಲು ಹದಿಮೂರು, ಇಳಿಯಲು ಇಪ್ಪತ್ತಮೂರು ಎಂದಿಟ್ಟರೆ ಆಕಾಶದಲ್ಲಿ ಐವತ್ತಾರು ನಿಮಿಷ. ಓಡುದಾರಿಗೆ ತಿರುಗಿ ಸೇರಿಕೊಳ್ಳುವುದು, ನೆಲದಲ್ಲಿ ಉರುಳುವುದು, ಕಾಯುವುದು ಎಲ್ಲ ಕೂಡಿದರೆ ಎಂಬತ್ತು ನಿಮಿಷವಾಗುವುದರಲ್ಲಿ ಆಶ್ಚರ್ಯವಿಲ್ಲ. ರೆಕ್ಕೆಯಲ್ಲಿ ಪಂಕಗಳುಳ್ಳ ಎ.ಟಿ.ಆರ್. ವಿಮಾನದ ವೇಗ ಗಂಟೆಗೆ ೫೦೦ ಕಿಲೋಮೀಟರಿನ ಆಸುಪಾಸು. ಅದು ಅಷ್ಟು ಎತ್ತರಕ್ಕೆ ಏರಬೇಕಾಗಿಲ್ಲವಾದುದರಿಂದ ಅದರ ನಷ್ಟ ಕಡಮೆ. ಒಂದು ಗಂಟೆ ನಲವತ್ತು ನಿಮಿಷದೊಳಗೆ ಅದು ಮುಗಿಸುತ್ತದೆ. ವೇಗದಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಾದ ವಿಮಾನ ಕಾಲದಲ್ಲಿ ಹಿಂದೆ ಬೀಳುವುದು ಇಪ್ಪತ್ತು ನಿಮಿಷ ಮಾತ್ರ. ವಾಣಿಜ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಷ್ಟು ಸಣ್ಣ ದಾರಿಯಲ್ಲಿ ಸ್ಥಿರ ವೆಚ್ಚವೇ ದೊಡ್ಡದು. ದೂರಕ್ಕೆ ತಕ್ಕಂತೆ ಏರುವ ಚರ ವೆಚ್ಚ ಚಿಕ್ಕದು.

ಗಾಳಿಯೂ ತನ್ನ ಪಾಲನ್ನು ಕೇಳುತ್ತದೆ. ಮುಂಗಾರಿನ ನಾಲ್ಕು ತಿಂಗಳಲ್ಲಿ ಈ ಅಕ್ಷಾಂಶದ ಮೇಲೆ ಐದಾರು ಕಿಲೋಮೀಟರು ಎತ್ತರದವರೆಗೆ ಪಡುವಣ ಗಾಳಿ; ಅದಕ್ಕೂ ಮೇಲೆ ಮೂಡಣ ಗಾಳಿ. ಹದಿನಾಲ್ಕು ಹದಿನೈದು ಕಿಲೋಮೀಟರು ಎತ್ತರದಲ್ಲಿ ಅತ್ಯಂತ ಬಿರುಸಾಗುವ ಈ ಮೂಡಣ ಪ್ರವಾಹವನ್ನು ೧೯೫೮ರಲ್ಲಿ ವಿವರಿಸಿದವರು ಭಾರತೀಯ ಪವನಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಅವರು. ಆದುದರಿಂದ ಜುಲೈ ತಿಂಗಳಲ್ಲಿ ಮಂಗಳೂರಿಗೆ ಹೊರಟ ಜೆಟ್ ವಿಮಾನಕ್ಕೆ ಎತ್ತರದಲ್ಲಿ ಬೆನ್ನುಗಾಳಿ ದೊರೆಯುವ ಹೊತ್ತಿನಲ್ಲಿಯೇ, ಅದೇ ದಿಕ್ಕಿಗೆ ಕೆಳಗೆ ಹಾರುವ ಎ.ಟಿ.ಆರ್. ಎದುರುಗಾಳಿಯನ್ನು ಸೀಳಬೇಕಾಗಬಹುದು. ಗಂಟೆಗೆ ನಲವತ್ತು ಕಿಲೋಮೀಟರಿನ ಗಾಳಿ ದಾರಿಯುದ್ದಕ್ಕೂ ಎದುರಾದರೆ ಎ.ಟಿ.ಆರ್.ಗೆ ೭೫ ನಿಮಿಷ, ಬೆನ್ನಿಗಿದ್ದರೆ ೬೪. ಹೋಗುವುದಕ್ಕೂ ಬರುವುದಕ್ಕೂ ಹನ್ನೊಂದು ನಿಮಿಷದ ವ್ಯತ್ಯಾಸ. ಮೀನಂಬಾಕ್ಕಂನಲ್ಲಿ ಪಡುವಣ ಗಾಳಿಯಿರುವಾಗ ವಿಮಾನ ಪಶ್ಚಿಮಕ್ಕೇ ಎದ್ದು ನೇರವಾಗಿ ಊರಿನ ದಾರಿ ಹಿಡಿಯುತ್ತದೆ. ಕಡಲಗಾಳಿ ಬೀಸತೊಡಗಿದ ಮಧ್ಯಾಹ್ನದಲ್ಲಾದರೆ ಪೂರ್ವಕ್ಕೆ ಎದ್ದು, ಸಮುದ್ರದ ಕಡೆ ಹೋಗಿ, ಹಿಂದಿರುಗಿ ಬರಬೇಕು.

ಸೂರ್ಯನ ವಿಷಯದಲ್ಲಿ ಒಂದು ವಿನೋದವಿದೆ. ೩೧೭ ಕಲೆಯ ರೇಖಾಂಶವನ್ನು ಭೂಮಿ ತಿರುಗಲು ಇಪ್ಪತ್ತೊಂದು ನಿಮಿಷ ಬೇಕು. ಎರಡು ಊರುಗಳೂ ಒಂದೇ ಅಕ್ಷಾಂಶದಲ್ಲಿರುವುದರಿಂದ ವರ್ಷದ ಯಾವ ದಿನವೇ ಆಗಲಿ ಮಂಗಳೂರಿನಲ್ಲಿ ಸೂರ್ಯೋದಯವೂ ಸೂರ್ಯಾಸ್ತವೂ ಚೆನ್ನೈಗಿಂತ ಇಪ್ಪತ್ತೊಂದು ನಿಮಿಷ ತಡ. ೧೯೦೬ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲಮಾನ ಬಂದಮೇಲೆ ಗಡಿಯಾರ ಈ ವ್ಯತ್ಯಾಸವನ್ನು ಮುಚ್ಚಿಟ್ಟಿದೆಯೇ ಹೊರತು ಅಳಿಸಿಲ್ಲ. ಸಂಜೆಯ ವಿಮಾನದಲ್ಲಿ ಊರಿಗೆ ಹೋಗುವವರಿಗೆ ಹಗಲು ಅಷ್ಟು ಉದ್ದವಾಗುತ್ತದೆ; ಹಿಂದಿರುಗುವಾಗ ಆ ಸಾಲವನ್ನು ತೀರಿಸಬೇಕು.

ಬಜಪೆಯ ನಿಲ್ದಾಣ ತೆರೆದದ್ದು ೧೯೫೧ರ ಡಿಸೆಂಬರ್ ೨೫ರಂದು. ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. ಗಂಟೆಗೆ ೨೮೦ ಕಿಲೋಮೀಟರಿನಂತೆ ಹಾರುವ ಡಕೋಟಾ ಮೀನಂಬಾಕ್ಕಂನಿಂದ ಅಲ್ಲಿಗೆ ಬರಲು ಎರಡು ಗಂಟೆಗೆ ತುಸು ಹೆಚ್ಚು ಸಾಕು. ಅದಕ್ಕೂ ಮೊದಲು, ೧೯೩೨ರ ಅಕ್ಟೋಬರಿನಲ್ಲಿ, ಕರಾಚಿಯಿಂದ ಹೊರಟ ಟಾಟಾ ಕಂಪೆನಿಯ ಮೊದಲ ಅಂಚೆ ವಿಮಾನಮಾರ್ಗ ಮುಂಬಯಿಯಿಂದ ಮದರಾಸಿಗೆ ಬಂದದ್ದು ಬಳ್ಳಾರಿಯ ಮೇಲೆ. ಬಜಪೆಯ ಓಡುದಾರಿ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು. ಅದರ ಆಚೀಚೆ ಕಣಿವೆ. ೨೦೧೦ರ ಮೇ ೨೨ರಂದು ದುಬಾಯಿಯಿಂದ ಬಂದ ವಿಮಾನ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದು ೧೫೮ ಮಂದಿ ಮಡಿದರು. ಇಳಿಯುವ ಕ್ರಮ ಸರಿಹೊಂದದೆ ಇದ್ದಾಗ ಅದನ್ನು ಕೈಬಿಟ್ಟು ಮತ್ತೆ ಮೇಲೇರದೆ ಹೋದದ್ದೇ ಅನಾಹುತಕ್ಕೆ ನೇರ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ಆಷಾಢದ ಮಳೆಯಲ್ಲಿ ವಿಮಾನ ಇಳಿಯಲು ಬಂದು, ಮತ್ತೆ ಏರಿ, ಸಮುದ್ರದ ಮೇಲೆ ಒಂದು ಸುತ್ತು ಹಾಕಿದರೆ ಹೋಗುವುದು ಹತ್ತು ಹದಿನೈದು ನಿಮಿಷ. ಆ ನಿಮಿಷಗಳಿಗೆ ಗೊಣಗುವುದು ಸಲ್ಲದು.

ಆದರೆ ಕಾಲದ ಲೆಕ್ಕವನ್ನು ನಿಜವಾಗಿ ಕೆಡಿಸುವುದು ಗಾಳಿಯೂ ಅಲ್ಲ, ಮಳೆಯೂ ಅಲ್ಲ, ನೇರ ವಿಮಾನವಿಲ್ಲದಿರುವುದು. ವೇಳಾಪಟ್ಟಿಗಳು ವರ್ಷಕ್ಕೆರಡು ಸಲ, ಮಾರ್ಚಿಯ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು, ಬದಲಾಗುತ್ತವೆ. ದಿನಕ್ಕೆ ಒಂದೋ ಎರಡೋ ಇರುವ ನೇರ ವಿಮಾನ ತಪ್ಪಿದರೆ ಬೆಂಗಳೂರಿನ ಮೂಲಕ ಹೋಗಬೇಕು. ಚೆನ್ನೈಯಿಂದ ಬೆಂಗಳೂರಿನ ನಿಲ್ದಾಣಕ್ಕೆ ೨೬೮ ಕಿಲೋಮೀಟರು, ಅಲ್ಲಿಂದ ಬಜಪೆಗೆ ೩೦೭, ಒಟ್ಟು ೫೭೫. ನೇರ ದಾರಿಗಿಂತ ಹೆಚ್ಚಾದದ್ದು ಎರಡೇ ಕಿಲೋಮೀಟರು! ಆದರೆ ಎರಡು ಸಲ ಏರಿ, ಎರಡು ಸಲ ಇಳಿದು, ನಡುವೆ ಎರಡು ಗಂಟೆ ಕಾದರೆ ಎಂಬತ್ತು ನಿಮಿಷದ ದಾರಿ ನಾಲ್ಕು ಗಂಟೆ ಹತ್ತು ನಿಮಿಷವಾಗುತ್ತದೆ. ಎರಡು ಕಿಲೋಮೀಟರಿಗೆ ತೆರುವ ಬೆಲೆ ಸುಮಾರು ಮೂರು ಗಂಟೆ.

ವೇಲಚೇರಿಯ ಮನೆಯ ಬಾಗಿಲಿನಿಂದ ಹಿಡಿದು ಲೆಕ್ಕ ಹಾಕುವುದಾದರೆ: ನಿಲ್ದಾಣಕ್ಕೆ ನಲವತ್ತು ನಿಮಿಷ, ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಕೌಂಟರು ಮುಚ್ಚುವುದರಿಂದ ತೊಂಬತ್ತು ನಿಮಿಷ ಮೊದಲಾದರೂ ಅಲ್ಲಿರಬೇಕು, ಹಾರಾಟ ಎಂಬತ್ತು, ಪೆಟ್ಟಿಗೆ ಬರುವವರೆಗೆ ಇಪ್ಪತ್ತು, ಬಜಪೆಯಿಂದ ಮಂಗಳೂರು ಪೇಟೆಗೆ ನಲವತ್ತು. ಒಟ್ಟು ನಾಲ್ಕೂವರೆ ಗಂಟೆ. ಬೆಂಗಳೂರಿನ ಮೂಲಕವಾದರೆ ಏಳು ಗಂಟೆ ಇಪ್ಪತ್ತು ನಿಮಿಷ. ರಾತ್ರಿ ಹನ್ನೆರಡಕ್ಕೆ ಸುದ್ದಿ ಬಂದು ಬೆಳಗಿನ ನೇರ ವಿಮಾನದಲ್ಲಿ ಸ್ಥಳ ದೊರೆತವರು ಮಧ್ಯಾಹ್ನದೊಳಗೆ ಮನೆ ಸೇರಬಹುದು; ಆ ದಿನದ ಸಂಜೆಯ ರೈಲೇ ಗತಿಯೆನ್ನುವವರು ಸೇರುವುದು ಮರುದಿನ ಮಧ್ಯಾಹ್ನ. ಕಾಯುವುದೋ ಬೇಡವೋ ಎಂದು ಊರಿನವರು ನಿಶ್ಚಯಿಸುವುದು ಈ ಅಂತರವನ್ನು ನೋಡಿ.

ನಿಲ್ದಾಣಗಳು ಊರಿನಿಂದ ದೂರ ಸರಿಯುತ್ತಿರುವುದನ್ನೂ ಇಲ್ಲಿ ಸೇರಿಸಬೇಕು. ೨೦೦೮ರ ಮೇ ೨೪ರಂದು ಬೆಂಗಳೂರಿನ ವಿಮಾನಗಳು ಹೆಚ್.ಎ.ಎಲ್. ನಿಲ್ದಾ‌ಣದಿಂದ ದೇವನಹಳ್ಳಿಗೆ ಹೋದಾಗ ಚೆನ್ನೈಯಿಂದ ಆಕಾಶದ ಅಂತರ ಮೂರು ಕಿಲೋಮೀಟರಿನಷ್ಟು ಕಡಮೆಯೇ ಆಯಿತು. ನಿಲ್ದಾಣದಿಂದ ಪೇಟೆಯ ನಡುವಿಗೆ ಮಾತ್ರ ಹತ್ತು ಕಿಲೋಮೀಟರಿದ್ದದ್ದು ಮೂವತ್ತೈದರಷ್ಟಾಯಿತು. ಚೆನ್ನೈಯ ಎರಡನೆಯ ನಿಲ್ದಾಣಕ್ಕೆ ಕಾಂಚೀಪುರದ ಸಮೀಪದ ಪರಂದೂರನ್ನು ೨೦೨೨ರಲ್ಲಿ ಆರಿಸಿದ್ದಾರೆ. ಗದ್ದೆಗಳನ್ನೂ ಕೆರೆಗಳನ್ನೂ ಬಿಟ್ಟುಕೊಡಲು ಆ ಸುತ್ತಿನ ಹಳ್ಳಿಗರು ಒಪ್ಪದೆ ಪ್ರತಿಭಟಿಸಿದ್ದಾರೆ. ಪರಂದೂರೂ ಇದೇ ಹದಿಮೂರನೆಯ ಅಕ್ಷಾಂಶದ ನೆರೆಯಲ್ಲಿ, ಮೀನಂಬಾಕ್ಕಂಗೆ ಸುಮಾರು ೪೬ ಕಿಲೋಮೀಟರು ಪಶ್ಚಿಮದಲ್ಲಿದೆ. ಮಂಗಳೂರಿನ ವಿಮಾನ ಅಲ್ಲಿಂದ ಎದ್ದರೆ ಅದಕ್ಕೆ ಉಳಿಯುವುದು ಮೂರೂವರೆ ನಿಮಿಷ. ವೇಲಚೇರಿಯಿಂದ ಅಲ್ಲಿಗೆ ರಸ್ತೆಯಲ್ಲಿ ಅರುವತ್ತು ಕಿಲೋಮೀಟರಾದರೂ ಆಗುತ್ತದೆ.